ಮುಟ್ಟುವ ಪಾಠಗಳು

ಜರ್ಸಿ ಸಿಟಿ
ಜನವರಿ ೧೨, ೧೯೭೪

ಪ್ರೀತಿಯ ಸುಂದರಿ,

ಹೊಸ ವರ್ಷದ ನಿನ್ನ ಕಾರ್ಡು ಬಂತು. 'ಡಾ. ತ್ರಿಪುರಸುಂದರಿ, ಧಾರವಾಡ' ಎಂದು ಮುದ್ರೆ ಒತ್ತಿದ ಲಕೋಟೆಯನ್ನು ಇವರಿಗೆ ತೋರಿಸಿ, "ಮೈಸೂರಿನ ಹಾಸ್ಟೆಲ್ಲಿನಲ್ಲಿ ನನ್ನ ಪಕ್ಕದ ಮಂಚದಲ್ಲಿ ಮಲಗಿ ನಿದ್ದೆಯಲ್ಲೂ ಮೂಳೆಗಳ ಹೆಸರು ಒಪ್ಪಿಸುತ್ತಿದ್ದವಳು ಇವಳೇ" ಎಂದೆ. ಇವರು ತುಟಿಯಂಚಿನಲ್ಲಿ ನಕ್ಕರು. ಇವರದು ಯಾವಾಗಲೂ ಅಷ್ಟೇ ನಗು.

ಇಲ್ಲಿ ಮೊಣಕಾಲುದ್ದ ಹಿಮ. ಅದರ ಮೇಲೆ ಪೆಟ್ರೋಲಿನ ಬರ. ಗ್ಯಾಸ್ ಸ್ಟೇಷನ್ನಿನ ಮುಂದೆ ಕಾರುಗಳ ಸಾಲು ನೋಡಿದರೆ ನಮ್ಮೂರಿನ ಸೀಮೆಎಣ್ಣೆಯ ಕ್ಯೂ ನೆನಪಾಗುತ್ತದೆ. ಇವರು ಜೊತೆಯ ಇಂಜಿನಿಯರುಗಳ ಕಾರಿನಲ್ಲಿ ಪಾಲು ಹಂಚಿಕೊಂಡು ಕಂಪನಿಗೆ ಹೋಗುತ್ತಾರೆ. ನಾನು ಆಸ್ಪತ್ರೆಯ ಲ್ಯಾಬಿಗೆ ನಡೆದೇ ಹೋಗುತ್ತೇನೆ.

ಅಮ್ಮನ ಪ್ರತಿ ಪತ್ರವೂ "ಏನಾದರೂ ವಿಶೇಷವೇ?" ಎಂದೇ ಮುಗಿಯುತ್ತದೆ. ಮದುವೆಯಾಗಿ ಮೂರು ವರ್ಷವಾಯಿತಲ್ಲ. ಅತ್ತೆಯವರು ಈ ಬೇಸಿಗೆಗೆ ನಮ್ಮಿಬ್ಬರನ್ನೂ ಊರಿಗೆ ಕರೆದಿದ್ದಾರೆ. ಬೆಂಗಳೂರಿನಲ್ಲಿ ನನ್ನನ್ನು ಪರೀಕ್ಷೆ ಮಾಡಿಸುತ್ತಾರಂತೆ. ಅದರಿಂದಲೂ ಏನೂ ಆಗದಿದ್ದರೆ ಮುಂದಿನ ಯೋಚನೆ ಮಾಡಬೇಕಾಗುತ್ತದೆ ಎಂದಿದ್ದಾರಂತೆ. ಮುಂದಿನ ಯೋಚನೆ ಎಂದರೆ ಏನೆಂದು ನಾನು ಕೇಳಲಿಲ್ಲ, ಇವರೂ ಹೇಳಲಿಲ್ಲ.

ಕಳೆದ ವಾರ ಇಲ್ಲಿಯ ಡಾಕ್ಟರೊಬ್ಬರನ್ನು ಕಂಡುಬಂದೆ. ನನ್ನ ಶರೀರದಲ್ಲಿ ದೋಷವೇನೂ ಇಲ್ಲವಂತೆ. ಇನ್ನೂ ಏನೋ ಹೇಳಿದರು. ಅದನ್ನು ಮತ್ತೊಮ್ಮೆ ಬರೆಯುತ್ತೇನೆ.

ನಿನ್ನ
ಶೈಲು

*

ಧಾರವಾಡ
ಜನವರಿ ೨೯, ೧೯೭೪

ಪ್ರೀತಿಯ ಶೈಲು,

ನಿನ್ನ ಪತ್ರವನ್ನು ಗೆಳತಿಯಾಗಿ ಒಂದು ಸಲ, ಡಾಕ್ಟರಾಗಿ ಒಂದು ಸಲ ಓದಿದೆ. ಮೂರು ವರ್ಷಕ್ಕೆ ಗಾಬರಿ ಬೀಳಬೇಕಾಗಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಮೈಯ ಉಷ್ಣತೆ ನೋಡಿ ಬರೆದಿಡು. ಯಾವ ದಿನಗಳಲ್ಲಿ ಕೂಡಬೇಕು ಎಂಬುದು ಅದರಿಂದ ತಿಳಿಯುತ್ತದೆ. ದಿವಾಕರ ಅವರೂ ಪರೀಕ್ಷೆ ಮಾಡಿಸಿಕೊಳ್ಳಲಿ. ಎಲ್ಲ ಅತ್ತೆಯರೂ ಸೊಸೆಯನ್ನು ಮಾತ್ರ ನನ್ನ ಮುಂದೆ ತಂದು ಕೂರಿಸುತ್ತಾರೆ. "ಮಗನನ್ನೂ ಕರಕೊಂಡು ಬರ್ರಿ" ಎಂದರೆ, "ಅವಗೇನಾಗೇದರೀ? ಗುಂಡಕಲ್ಲು ಇದ್ದಂಗ ಅದಾನ" ಎನ್ನುತ್ತಾರೆ. ಗುಂಡುಕಲ್ಲಿಗೆ ಮಕ್ಕಳಾಗುತ್ತವೆಯೇ ಎಂದು ಕೇಳುವ ಆಸೆಯಾಗುತ್ತದೆ.

ಆ ಡಾಕ್ಟರು ಹೇಳಿದ 'ಇನ್ನೂ ಏನೋ' ಏನು? ಬಚ್ಚಿಡಬೇಡ.

ನಮ್ಮಲ್ಲಿ ಎಲ್ಲ ಕ್ಷೇಮ. ಮಕ್ಕಳಿಬ್ಬರೂ ನನ್ನ ಜೊತೆ ಮಲಗುತ್ತಾರೆ. ನಮ್ಮ ಮನೆಯವರಿಗೆ ಕಾಲೇಜಿನ ಪಾಠ, ಶಾಸನಗಳ ಓದು. ಹೊರಗಿನ ಕೋಣೆಯೇ ಅವರಿಗೆ ಅನುಕೂಲ. ಒಳ್ಳೆಯ ಮನುಷ್ಯರು. ನನಗೆ ಯಾವ ಕೊರತೆಯೂ ಇಲ್ಲ.

ನಿನ್ನ
ಸುಂದರಿ

*

ಜರ್ಸಿ ಸಿಟಿ
ಫೆಬ್ರವರಿ ೧೬, ೧೯೭೪

ಸುಂದರಿ,

ನೀನು ಬರೆದ ಯಾವ ಪರೀಕ್ಷೆಯೂ ಬೇಕಿಲ್ಲ. ಮಗುವಾಗುವುದಕ್ಕೆ ಮೊದಲು ಆಗಬೇಕಾದದ್ದೇ ನಮ್ಮಲ್ಲಿ ಆಗಿಲ್ಲ. ಮೂರು ವರ್ಷದಲ್ಲಿ ಒಮ್ಮೆಯೂ ಇಲ್ಲ. ಡಾಕ್ಟರು ಹೇಳಿದ 'ಇನ್ನೂ ಏನೋ' ಇದೇ. ಪರೀಕ್ಷೆ ಮಾಡಿದವರು ಕನ್ನಡಕ ತೆಗೆದು, "ಮಗೂ, ನಿನಗೆ ಮದುವೆಯಾಗಿರುವುದು ನಿಜವೇ?" ಎಂದು ಕೇಳಿದರು. ನಾನು ಅತ್ತುಬಿಟ್ಟೆ.

ಮೊದಮೊದಲು ಇವರು ಹತ್ತಿರ ಬಂದರೆ ನನ್ನ ಮೈ ತಾನಾಗಿಯೇ ಬಾಗಿಲು ಹಾಕಿಕೊಳ್ಳುತ್ತಿತ್ತು. ತಡೆಯಲಾರದ ನೋವು. ಮದುವೆಯ ಹಿಂದಿನ ದಿನ ದೊಡ್ಡಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಹಲ್ಲು ಕಚ್ಚಿಕೊಂಡಿರು, ಮುಗಿದುಹೋಗುತ್ತೆ" ಎಂದಿದ್ದರು. ಹಲ್ಲು ಕಚ್ಚಿದೆ, ಮುಗಿಯಲಿಲ್ಲ. ಕೊನೆಗೆ ಇವರು ಹತ್ತಿರ ಬರುವುದನ್ನೇ ಬಿಟ್ಟರು. ಒಂದೇ ಮಂಚದಲ್ಲಿ ನಡುವೆ ಇನ್ನೊಬ್ಬರು ಮಲಗುವಷ್ಟು ಜಾಗ ಬಿಟ್ಟು ಮಲಗುತ್ತೇವೆ.

ಈಗ ಕೇಳು! ನ್ಯೂಯಾರ್ಕಿನ ಒಂದು ಆಸ್ಪತ್ರೆಯಲ್ಲಿ ಇದಕ್ಕೆಂದೇ ಹೊಸದಾಗಿ ಒಂದು ಕ್ಲಿನಿಕ್ ತೆರೆದಿದ್ದಾರೆ. ಸೆಕ್ಸ್ ಥೆರಪಿ ಎಂದು ಹೆಸರು. ಔಷಧಿಯಿಲ್ಲ, ಆಪರೇಷನ್ನಿಲ್ಲ, ಗಂಡಹೆಂಡಿರಿಬ್ಬರೂ ಹೋಗಿ ಮಾತಾಡಬೇಕು ಅಷ್ಟೆ. ಇವರು ಮೊದಲು, "ನಾವೇನು ಹುಚ್ಚರಾ?" ಎಂದು ರೇಗಿದರು. ಎರಡು ದಿನ ಬಿಟ್ಟು ನೋಡಿದರೆ, ಲೈಬ್ರರಿಗೆ ಹೋಗಿ ಅದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ ಬಂದಿದ್ದಾರೆ. "ಇದು ರೋಗವಲ್ಲವಂತೆ, ಅಭ್ಯಾಸವಂತೆ. ಅಭ್ಯಾಸವಾದರೆ ಬದಲಾಯಿಸಬಹುದು" ಎಂದರು. ಇಂಜಿನಿಯರು ನೋಡು!

ಅಲ್ಲಿ ನಮಗೆ ಇಬ್ಬರು ಥೆರಪಿಸ್ಟುಗಳು. ಡಾಕ್ಟರ್ ಕೆಸ್ಲರ್ ಎಂಬ ಬಿಳಿಗಡ್ಡದ ಮುದುಕರು, ಮಿಸೆಸ್ ಬರ್ಕ್ ಎಂಬ ಐವತ್ತರ ಹೆಂಗಸು. ಮೊದಲು ನಮ್ಮಿಬ್ಬರನ್ನೂ ಬೇರೆಬೇರೆಯಾಗಿ, ಆಮೇಲೆ ಒಟ್ಟಿಗೆ ಕೂರಿಸಿಕೊಂಡು ಮಾತಾಡಿಸಿದರು. ತಪ್ಪು ಗಂಡನದೋ ಹೆಂಡತಿಯದೋ ಎಂದು ಇಲ್ಲಿ ಯಾರೂ ಹುಡುಕುವುದಿಲ್ಲವಂತೆ. ಕೊನೆಗೆ ಡಾಕ್ಟರ್ ಕೆಸ್ಲರ್ ಗಂಭೀರವಾಗಿ, "ಇವತ್ತಿನಿಂದ ನೀವಿಬ್ಬರೂ ಕೂಡಬಾರದು. ಇದು ನಮ್ಮ ಮೊದಲ ನಿಯಮ" ಎಂದರು.

ಇವರು ಅವರ ಮುಖವನ್ನೇ ನೋಡಿ, "ಡಾಕ್ಟರ್, ಮೂರು ವರ್ಷದಿಂದ ನಾವು ಆ ನಿಯಮವನ್ನು ತಪ್ಪದೆ ಪಾಲಿಸುತ್ತಿದ್ದೇವೆ" ಎಂದರು.

ಮೊದಲು ಮಿಸೆಸ್ ಬರ್ಕ್ ನಕ್ಕರು, ಡಾಕ್ಟರು ನಕ್ಕರು. ಇವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇವರಿಗೆ ಅಂಥ ನಗು ಇದೆಯೆಂದೇ ನನಗೆ ತಿಳಿದಿರಲಿಲ್ಲ.

ಮನೆಪಾಠವೂ ಕೊಟ್ಟಿದ್ದಾರೆ. ಒಬ್ಬರು ಇನ್ನೊಬ್ಬರ ಕೈ, ತೋಳು, ಮುಖ, ಬೆನ್ನು ಮುಟ್ಟಬೇಕು. ಅದರಾಚೆಗೆ ಏನೂ ಇಲ್ಲ, ಯಾವ ಗುರಿಯೂ ಇಲ್ಲ. ಮುಟ್ಟಿಸಿಕೊಳ್ಳುವವರು ಹಿತವಾದದ್ದನ್ನೂ ಹಿತವಾಗದ್ದನ್ನೂ ಬಾಯಿಬಿಟ್ಟು ಹೇಳಬೇಕು. ಇವರು ಅಡಿಗೆಮನೆಯ ಟೈಮರ್ ತಂದು ಪಕ್ಕದಲ್ಲಿಟ್ಟುಕೊಂಡರು. ನನ್ನ ಮೊಣಕೈಗೆ ಬರುವ ಹೊತ್ತಿಗೆ ಅದು ಗಣಗಣ ಬಾರಿಸಿತು. ಇಬ್ಬರೂ ಬೆಚ್ಚಿಬಿದ್ದೆವು!

ಇದನ್ನು ಯಾರಿಗೂ ಹೇಳಬೇಡ. ಆದರೆ ನಿನಗೆ ಹೇಳದೆ ಇರಲಾರದೆ ಹೋದೆ.

ಶೈಲು

*

ಧಾರವಾಡ
ಮಾರ್ಚ್ ೩, ೧೯೭೪

ಶೈಲು,

ಮೂರು ವರ್ಷ! ಒಂದು ಮಾತು ಬರೆಯಬಾರದಿತ್ತೇ?

ನಾನು ಸುತ್ತಿಬಳಸಿ ಹೇಳುವವಳಲ್ಲ. ಆರೋಗ್ಯವಂತ ಗಂಡಸು ಹೆಂಡತಿಯ ಪಕ್ಕದಲ್ಲಿ ವರ್ಷಗಟ್ಟಲೆ ಹಾಗೆ ಮಲಗಿರುತ್ತಾನೆ ಎಂದರೆ ದೋಷ ಅವನಲ್ಲೇ ಇದೆ. ಅವನಿಗೆ ಶಕ್ತಿಯಿಲ್ಲ, ಇಲ್ಲವೇ ನಿನ್ನ ಮೇಲೆ ಮನಸ್ಸಿಲ್ಲ. ಇದನ್ನು ಮುಚ್ಚಲು ನಿನ್ನನ್ನು ಯಾವುದೋ ಕ್ಲಿನಿಕ್ಕಿಗೆ ಕರೆದೊಯ್ದು, ತೋಳು ಮುಟ್ಟು, ಬೆನ್ನು ಮುಟ್ಟು ಎಂದು ಆಟವಾಡಿಸುತ್ತಿದ್ದಾರೆ. ಊರಿಗೆ ಬಂದ ಮೇಲೆ ನಿನ್ನನ್ನೇ ಬಂಜೆ ಎನ್ನುತ್ತಾರೆ. ನನ್ನ ಮುಂದೆ ಕೂತು ಅಳುವ ಹುಡುಗಿಯರ ಸಾಲಿನಲ್ಲಿ ನಿನ್ನನ್ನು ನೋಡಲಾರೆ.

ನಿನಗಿನ್ನೂ ಇಪ್ಪತ್ತೇಳು. ಹೊರಟು ಬಾ. ನನ್ನ ಮನೆಯಲ್ಲಿ ಜಾಗವಿದೆ. ನಿನ್ನ ಅಪ್ಪನ ಹತ್ತಿರ ನಾನೇ ಮಾತಾಡುತ್ತೇನೆ. ಗಂಡಹೆಂಡಿರೆಂದ ಮೇಲೆ ಒಬ್ಬರನ್ನೊಬ್ಬರು ಮುಟ್ಟದೆ ಬದುಕಬೇಕೆಂದು ಯಾವ ಶಾಸ್ತ್ರ ಹೇಳುತ್ತದೆ? ಅದು ಬದುಕೇ ಅಲ್ಲ. ನನಗೆ ಗೊತ್ತು.

ಸುಂದರಿ

*

ಜರ್ಸಿ ಸಿಟಿ
ಮಾರ್ಚ್ ೩೦, ೧೯೭೪

ಪ್ರೀತಿಯ ಸುಂದರಿ,

ನಿನ್ನ ಮೇಲೆ ನನಗೆ ಕೋಪ ಬಂದಿತ್ತು. ಈಗ ಇಲ್ಲ. ನಿನ್ನ ಪತ್ರದಿಂದ ಏನೇನಾಯಿತೆಂದು ಕೇಳು.

ಅದು ಬಂದ ವಾರ ನಾವು ಕ್ಲಿನಿಕ್ಕಿನ ನಿಯಮ ಮುರಿದಿದ್ದೆವು. ಪಾಠಗಳು ಚೆನ್ನಾಗಿ ನಡೆಯುತ್ತಿದ್ದವು, ಆಸೆಯಾಯಿತು. ಆದರೆ ಆದದ್ದು ಹಳೆಯದೇ ಕಥೆ, ಅದೇ ನೋವು. ಇವರು ಎದ್ದುಹೋಗಿ ಸೋಫಾದ ಮೇಲೆ ಮಲಗಿದರು. ಆಮೇಲೆ ಎರಡು ದಿನ "ಕಾಫಿ ಬೇಕಾ" "ಬೇಡ" ಇಷ್ಟೇ ಮಾತು. ಡಾಕ್ಟರ್ ಕೆಸ್ಲರ್ ಬಯ್ಯಲಿಲ್ಲ. "ಆತುರಪಟ್ಟಿರಿ, ಅಷ್ಟೆ. ಮೊದಲ ಪಾಠಕ್ಕೆ ಹಿಂತಿರುಗಿ" ಎಂದರು. ಇವರು ತಲೆಯೆತ್ತಲಿಲ್ಲ.

ಹಿಂತಿರುಗುವಾಗ ರೈಲಿನಲ್ಲಿ ಕಾಲಿಡಲು ಜಾಗವಿಲ್ಲ. ಮೇಲಿನ ಕಂಬಿ ಹಿಡಿದು ಎದುರುಬದುರು ನಿಂತಿದ್ದೆವು. ಸುತ್ತ ಅಮೆರಿಕನ್ನರು. ಕನ್ನಡ ಯಾರಿಗೆ ತಿಳಿಯಬೇಕು ಎಂಬ ಧೈರ್ಯದ ಮೇಲೆ ನಾನು ಹೇಳಿಬಿಟ್ಟೆ.

"ಸುಂದರಿ ಬರೆದಿದಾಳೆ. ನಿಮ್ಮನ್ನ ಬಿಟ್ಟು ಬಾ ಅಂತ."

ಇವರು ಕಂಬಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, "ಸರಿಯಾಗೇ ಹೇಳಿದಾರೆ. ಟಿಕೆಟ್ ತೆಗೆಸಿಕೊಡ್ಲಾ?" ಎಂದರು.

"ನನ್ನ ಕಂಡ್ರೆ ಅಷ್ಟು ಅಸಹ್ಯಾನಾ ನಿಮಗೆ?"

"ಅಸಹ್ಯ?" ಎಂದು ಇವರು ಕಣ್ಣರಳಿಸಿ ನೋಡಿದರು. "ಆವಾಗ ನಿನ್ನ ಮುಖ ಹೇಗಿರುತ್ತೆ ಅಂತ ಗೊತ್ತಾ? ಕಣ್ಣು ಬಿಗಿಯಾಗಿ ಮುಚ್ಕೊಂಡು, ಹಲ್ಲು ಕಚ್ಕೊಂಡು, ಇಂಜೆಕ್ಷನ್ ಚುಚ್ಚಿಸ್ಕೊಳ್ಳೋಕೆ ಕೂತಿರೋ ಮಗು ಥರ! ನಾನು ನಿನಗೆ ನೋವು ಕೊಡೋ ಮನುಷ್ಯ ಆಗಿಬಿಟ್ನಲ್ಲಾ ಅಂತ ನಂಗೆ ನನ್ನ ಮೇಲೇ ಅಸಹ್ಯ ಬರ್ತಿತ್ತು. ಅದಕ್ಕೇ ದೂರ ಮಲಗ್ತಿದ್ದೆ."

"ನಾನು ನಿಮಗೆ ಬೇಡ ಆದೆ ಅಂದ್ಕೊಂಡಿದ್ದೆ."

"ಬೇಡವಾ?" ಇವರ ದನಿ ಏರಿತು. "ಮೂರು ವರ್ಷದಿಂದ ನಿನ್ನ ಬಿಟ್ಟು ನಂಗೆ ಇನ್ಯಾವ ಯೋಚನೇನೂ ಇಲ್ಲ ಕಣೇ!"

ಇಡೀ ಡಬ್ಬಿಯೇ ತಿರುಗಿ ನೋಡಿತು. ನಾನು ಅಳುತ್ತಿದ್ದೆ, ನಗುತ್ತಲೂ ಇದ್ದೆ. ಅಷ್ಟರಲ್ಲಿ ರೈಲು ನಿಂತಿತು. ನನ್ನ ಬೆನ್ನ ಹಿಂದೆ, ದೊಡ್ಡ ಓವರ್‌ಕೋಟಿನೊಳಗಿಂದ ಒಂದು ದನಿ ಬಂತು: "ಜರ್ನಲ್ ಸ್ಕ್ವೇರ್ ಬಂತ್ರೀ. ಕೊನೀ ಸ್ಟೇಷನ್, ಎಲ್ಲಾರೂ ಇಳೀಬೇಕು."

ಕನ್ನಡ! ನಾವಿಬ್ಬರೂ ಕಲ್ಲಾದೆವು. ಎಪ್ಪತ್ತರ ಹತ್ತಿರದ ಹಿರಿಯರು, ಹಣೆಯ ಮೇಲೆ ವಿಭೂತಿ. ಹೆಸರು ಸಿದ್ದರಾಮಪ್ಪ, ಗದಗಿನವರು, ಮಗಳ ಮನೆಗೆ ಬಂದಿದ್ದಾರಂತೆ. ಇವರು ತೊದಲುತ್ತಾ ಕ್ಷಮೆ ಕೇಳಲು ಹೋದರೆ, "ನನಗ ಕಿವಿ ಮಂದ ಅದಾವ ತಮ್ಮಾ, ಏನೂ ಕೇಳಿಸಿಲ್ಲ" ಎಂದರು. ನಾಲ್ಕು ಹೆಜ್ಜೆ ನಡೆದವರು ತಿರುಗಿ ನಿಂತು ನನಗೆ, "ಆದ್ರ ತಂಗಿ, ಹುಡುಗ ಭಾಳ ಛೊಲೋ ಇದ್ದಾನ. ಬಿಡಬ್ಯಾಡ" ಎಂದು ಹೇಳಿ ಮೆಟ್ಟಿಲು ಹತ್ತಿ ಹೋದರು.

ಸುಂದರಿ, ಆ ಪ್ಲಾಟ್‌ಫಾರ್ಮಿನ ಮೇಲೆ ನಾವು ನಕ್ಕ ನಗು! ಮುಂದಿನ ರೈಲು ಬಂದು ಹೋಯಿತು. ನಾವು ಇನ್ನೂ ನಗುತ್ತಿದ್ದೆವು.

ನಾನು ಬರುವುದಿಲ್ಲ. ಬಿಡುವುದೂ ಇಲ್ಲ.

ನಿನ್ನ
ಶೈಲು

*

ಧಾರವಾಡ
ಏಪ್ರಿಲ್ ೧೫, ೧೯೭೪

ಪ್ರೀತಿಯ ಶೈಲು,

ನಾನು ದುಡುಕಿದೆ. ದಿವಾಕರ ಅವರಿಗೆ ನನ್ನ ಪರವಾಗಿ ಕ್ಷಮೆ ಕೇಳು. ಇಲ್ಲ, ಬೇಡ. ಯಾವಾಗಲಾದರೂ ಅವರನ್ನು ನೋಡಿದಾಗ ನಾನೇ ಕೇಳುತ್ತೇನೆ.

ನಾನು ಅಪ್ಪಟ ಡಾಕ್ಟರು ಎಂದುಕೊಂಡಿದ್ದೆ. ಮೆಡಿಕಲ್ ಕಾಲೇಜಿನಲ್ಲಿ ಹೆರಿಗೆ ಮಾಡಿಸುವುದನ್ನು ಕಲಿಸಿದರು, ಗರ್ಭಕೋಶ ತೆಗೆಯುವುದನ್ನು ಕಲಿಸಿದರು. ಸುಖ ಎನ್ನುವ ಮಾತು ಯಾವ ಪರೀಕ್ಷೆಯಲ್ಲೂ ಬರಲಿಲ್ಲ. ನಿನ್ನಂತೆ ನೋವು ಎಂದು ಬಂದ ಹುಡುಗಿಯರಿಗೆ ನಾನು, "ಎಲ್ಲ ಸರಿ ಇದೆ, ಚೆನ್ನಾಗಿ ಊಟ ಮಾಡು" ಎಂದು ಹೇಳಿ ಕಳಿಸಿದ್ದೇನೆ. ಆದ್ದರಿಂದ ಆ ಕ್ಲಿನಿಕ್ಕಿನಲ್ಲಿ ಹೇಳಿಕೊಡುವುದನ್ನೆಲ್ಲ ವಿವರವಾಗಿ ಬರೆ. ನಾಚಿಕೆ ಬೇಡ, ಡಾಕ್ಟರಿಗೆ ಬರೆಯುತ್ತಿದ್ದೇನೆ ಎಂದುಕೊ.

ಇನ್ನೊಂದು ವಿಷಯ. ನನ್ನ ಹತ್ತಿರ ಒಬ್ಬ ಪೇಷಂಟ್ ಬಂದಿದ್ದಾಳೆ. ಮೂವತ್ತರ ಹತ್ತಿರ, ಎರಡು ಹೆರಿಗೆಯಾಗಿದೆ. ನೋವಿಲ್ಲ, ಗಂಡನೊಡನೆ ಜಗಳವಿಲ್ಲ. ಆದರೆ ಎರಡನೆಯ ಮಗು ಹುಟ್ಟಿದ ಮೇಲೆ ಒಬ್ಬರನ್ನೊಬ್ಬರು ಮುಟ್ಟಿಲ್ಲ. ಅದಕ್ಕೆ ಮೊದಲೂ ತನಗೆ ಅದು ಇಷ್ಟವಾಗಿತ್ತೋ ಇಲ್ಲವೋ ಎಂದು ಅವಳು ಯೋಚಿಸಿಯೇ ಇರಲಿಲ್ಲವಂತೆ. ಇಂಥವರಿಗೂ ನಿಮ್ಮ ಮಿಸೆಸ್ ಬರ್ಕ್ ಏನಾದರೂ ಹೇಳುತ್ತಾರೆಯೇ?

ಸುಂದರಿ

*

ಜರ್ಸಿ ಸಿಟಿ
ಮೇ ೫, ೧೯೭೪

ಪ್ರೀತಿಯ ಡಾಕ್ಟರಮ್ಮ,

ಕೇಳಿದ್ದೀಯಲ್ಲ, ಪಟ್ಟಾಗಿ ಕೂತು ಓದು!

ಮಿಸೆಸ್ ಬರ್ಕ್ ಒಂದು ದಿನ, "ಮನೆಯಲ್ಲಿ ಇದನ್ನೆಲ್ಲ ಯಾವ ಭಾಷೆಯಲ್ಲಿ ಮಾತಾಡುತ್ತೀರಿ?" ಎಂದರು. ನಾವು ಮುಖಮುಖ ನೋಡಿಕೊಂಡೆವು. ಯಾವ ಭಾಷೆಯಲ್ಲೂ ಇಲ್ಲ! ಇಂಗ್ಲಿಷ್ ಮಾತುಗಳು ಆಸ್ಪತ್ರೆಯ ವಾಸನೆ ಹೊಡೆಯುತ್ತವೆ. ಸಂಸ್ಕೃತದವು ಮಂತ್ರದ ಹಾಗಿವೆ. ಕನ್ನಡದವೆಲ್ಲ ಬೀದಿಯ ಬೈಗುಳ. "ಹಾಗಾದರೆ ನಿಮ್ಮದೇ ಮಾತು ಮಾಡಿಕೊಳ್ಳಿ" ಎಂದರು. ಭಾನುವಾರ ಮಧ್ಯಾಹ್ನವೆಲ್ಲ ಇಬ್ಬರೂ ಕೂತು ಹೆಸರಿಟ್ಟೆವು. ಏನೇನೆಂದು ನಿನಗೂ ಹೇಳುವುದಿಲ್ಲ. ನಮ್ಮ ನಗುವಿನ ಗದ್ದಲ ತಡೆಯಲಾರದೆ ಕೆಳಗಿನ ಮನೆಯ ಇಟಾಲಿಯನ್ ಅಜ್ಜಿ ಪೊರಕೆ ಹಿಡಿಯಿಂದ ಸೂರು ಕುಟ್ಟಿದಳು.

ಆದರೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ನಮ್ಮಲ್ಲಿ ಮೊದಲೇ ಇದ್ದ ಒಂದು ಮಾತು: 'ಸಾಕು'. ಇವರು ನನ್ನ ಬೆನ್ನು ಸವರುತ್ತಿದ್ದರು. ಹಿತವಾಗಿಯೇ ಇತ್ತು. ಆದರೂ ಪರೀಕ್ಷೆ ಮಾಡಬೇಕೆನಿಸಿ, "ಸಾಕು" ಎಂದೆ. ಕೈ ತಕ್ಷಣ ನಿಂತಿತು. ಮುನಿಸಿಲ್ಲ, ಯಾಕೆ ಎಂಬ ಪ್ರಶ್ನೆಯಿಲ್ಲ. "ಹ್ಞೂಂ, ಇನ್ನೊಂದು ಚೂರು" ಎಂದೆ. ಶುರುವಾಯಿತು. ಮತ್ತೆ "ಸಾಕು". ಮತ್ತೆ ನಿಂತಿತು. ಇಷ್ಟು ವರ್ಷ ನನ್ನ ಮೈ ಬಾಗಿಲು ಹಾಕಿಕೊಳ್ಳುತ್ತಿದ್ದದ್ದು ಬಾಯಿಗೆ ಸಾಕು ಎನ್ನಲು ಬರದೆ ಇದ್ದದ್ದಕ್ಕೇ ಇರಬೇಕು ಅನ್ನಿಸಿ, ಇವರ ತೋಳಿನ ಮೇಲೆ ತಲೆಯಿಟ್ಟು ಅತ್ತೆ. "ಈಗ ನಿಲ್ಲಿಸಲಾ, ಮುಂದುವರಿಸಲಾ?" ಎಂದು ದಿವಾಕರ ಗಾಬರಿಯಿಂದ ಕೇಳಿದ. ಹೌದು, ದಿವಾಕರ! ಹೆಸರಿಟ್ಟು ಕರೆಯುವುದೂ ಪಾಠವೇ.

ನೋವಿನ ವಿಷಯ. ಕಣ್ಣಿನ ಹತ್ತಿರ ಕೈ ತಂದರೆ ರೆಪ್ಪೆ ಮುಚ್ಚಿಕೊಳ್ಳುತ್ತದಲ್ಲ, ಹಾಗೆ ಅಲ್ಲಿಯ ಸ್ನಾಯುವೂ ಹೆದರಿ ಮುಚ್ಚಿಕೊಳ್ಳುತ್ತದಂತೆ. ಬಲವಂತ ಮಾಡಿದಷ್ಟೂ ಬಿಗಿಯುತ್ತದೆ. ಅದಕ್ಕೆ ನುಣುಪಾದ ಕಡ್ಡಿಗಳನ್ನು ಕೊಟ್ಟಿದ್ದಾರೆ. ಮೊದಲನೆಯದು ಕಿರುಬೆರಳಿಗಿಂತ ಸಣ್ಣದು, ಆಮೇಲಿನವು ಸ್ವಲ್ಪ ಸ್ವಲ್ಪ ದೊಡ್ಡವು. ನಾನೇ, ನನ್ನ ಕೈಯಾರೆ, ಮೈ ಒಪ್ಪಿದಾಗ ಮಾತ್ರ, ಉಸಿರು ಸಡಿಲ ಬಿಟ್ಟುಕೊಂಡು ಅಭ್ಯಾಸ ಮಾಡಬೇಕು. ಮೊದಲ ದಿನ ಮುಟ್ಟಲೇ ಆಗಲಿಲ್ಲ. ಈಗ ಮೂರನೆಯದಕ್ಕೆ ಬಂದಿದ್ದೇನೆ! ಮೂರನೆಯದಕ್ಕೆ ಬಂದ ದಿನ ಸಂಜೆ ದಿವಾಕರ ಕೇಸರಿಬಾತ್ ಮಾಡಿದ. ತಳ ಹಿಡಿದಿತ್ತು. ಬಾಣಲೆ ಕೆರೆದು ತಿಂದೆವು.

ನಿನ್ನ ಪೇಷಂಟ್ ವಿಷಯ ಮಿಸೆಸ್ ಬರ್ಕ್ ಅವರಿಗೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಇದನ್ನು ಅವಳು ಗಂಡನಿಗೆ ಹೇಳಿದ್ದಾಳೆಯೇ?" ಮಂಚದ ಮಾತು ಆಮೇಲೆ. ಮೊದಲು ಹಗಲಲ್ಲಿ, ಬಟ್ಟೆಬರೆ ಹಾಕಿಕೊಂಡೇ, ಸುಮ್ಮನೆ ಕೈ ಹಿಡಿದು ಕೂರಲಿ ಎಂದರು.

ಶೈಲು

*

(ನ್ಯೂಯಾರ್ಕ್ ಬಂದರಿನ ಚಿತ್ರವಿರುವ ಅಂಚೆ ಕಾರ್ಡು)

ಮೇ ೨೫, ೧೯೭೪

ಸುಂದರಿ! ಆಯಿತು! ಆಯಿತು! ಆಯಿತು!

ಶೈಲು

*

ಧಾರವಾಡ
ಜೂನ್ ೧೨, ೧೯೭೪

ನನ್ನ ಮುದ್ದು ಶೈಲು,

ಪೋಸ್ಟ್‌ಮ್ಯಾನ್ ಗದಿಗೆಪ್ಪ ಗೇಟಿನಿಂದಲೇ, "ಡಾಕ್ಟರ್ ಬಾಯಾರ, ಅಮೆರಿಕಾದಾಗ ಏನೋ ಆತಂತ್ರೀ!" ಎಂದು ಕೂಗಿಕೊಂಡು ಬಂದ. ಓದಿ ಕುಣಿದಾಡುವುದೊಂದು ಬಾಕಿ. ಕ್ಲಿನಿಕ್ಕಿನ ನರ್ಸುಗಳಿಗೆಲ್ಲ ಪೇಡೆ ಹಂಚಿದೆ. ಯಾಕೆ ಎಂದರೆ, ಗೆಳತಿ ಗರ್ಭಿಣಿ ಎಂದೆ!

ಎಷ್ಟು ದಿನವಾಯಿತು? ಕಬ್ಬಿಣದ ಮಾತ್ರೆ ಶುರು ಮಾಡು. ಲ್ಯಾಬಿನಲ್ಲಿ ಭಾರ ಎತ್ತಬೇಡ. ವಾಂತಿಯಾದರೆ ಬೆಳಿಗ್ಗೆ ಏಳುವ ಮೊದಲೇ ಒಣ ರೊಟ್ಟಿ ತಿನ್ನು. ಅತ್ತೆಯವರಿಗೆ ತಿಳಿಸಿದೆಯಾ?

ಆ ಪೇಷಂಟ್ ಇನ್ನೂ ಗಂಡನಿಗೆ ಹೇಳಿಲ್ಲ. ಅವರು ಕೋಣೆಯಲ್ಲಿ ಓದುತ್ತಿರುವಾಗ ಬಾಗಿಲವರೆಗೆ ಹೋಗುತ್ತಾಳೆ. ಅವರು ಪುಸ್ತಕದಿಂದ ತಲೆಯೆತ್ತಿ, "ಏನು ಬೇಕಾಗಿತ್ತು?" ಎಂದು ಕೇಳಿದರೆ, "ಏನಿಲ್ಲ, ಫ್ಯಾನ್ ಹಾಕಿದ್ದೀರೋ ನೋಡಲು ಬಂದೆ" ಎಂದು ಹಿಂತಿರುಗುತ್ತಾಳೆ. ಡಾಕ್ಟರಾಗಿ ಏನು ಸಲಹೆ ಕೊಡಬೇಕೋ ನನಗೆ ತಿಳಿಯುತ್ತಿಲ್ಲ.

ನಿನ್ನ
ಸುಂದರಿ

*

ಜರ್ಸಿ ಸಿಟಿ
ಜೂನ್ ೨೭, ೧೯೭೪

ಅಯ್ಯೋ ಸುಂದರಿ!

ಪೇಡೆ ಹಂಚಿದೆಯಾ! ದಿವಾಕರನಿಗೆ ಓದಿ ಹೇಳಿದೆ, ಕುರ್ಚಿಯಿಂದ ಬೀಳುವುದೊಂದು ಬಾಕಿ. ಗರ್ಭವಲ್ಲ ಕಣೇ, ಮಾರಾಯಿತಿ. ಅದು ಆಯಿತು! ಮೂರು ವರ್ಷದಿಂದ ಆಗದ್ದು! ತೆರೆದ ಕಾರ್ಡಿನಲ್ಲಿ ಗದಿಗೆಪ್ಪನ ಎದುರು ಇನ್ನೇನೆಂದು ಬರೆಯಲಿ?

ಅಂದು ಶನಿವಾರ. ಬೆಳಿಗ್ಗೆ, ಕಿಟಕಿಯ ತುಂಬ ಬಿಸಿಲು. ಆಗಲೇಬೇಕು ಎಂದು ಯಾರೂ ಅಂದುಕೊಂಡಿರಲಿಲ್ಲ. ಕಣ್ಣು ಮುಚ್ಚಿರಲಿಲ್ಲ ನಾನು. ನೋವಾಗಲಿಲ್ಲ. ದಿವಾಕರ, "ಸಾಕಾ?" ಎಂದು ಕೇಳಿದ. "ಈಗ ಸಾಕು ಮಾಡಿದ್ರೆ ನೋಡು!" ಎಂದೆ. ಇಷ್ಟು ಸಾಕು ನಿನಗೆ. ಮಧ್ಯಾಹ್ನ ನ್ಯೂಯಾರ್ಕಿಗೆ ಹೋಗಿ, ಬಂದರಿನ ಕಟ್ಟೆಯ ಮೇಲೆ ಕೂತು, ಗಾಡಿಯಲ್ಲಿ ಮಾರುವ ಉಪ್ಪು ಹಚ್ಚಿದ ಬ್ರೆಡ್ಡು ತಿಂದೆವು. ಸಿಕ್ಕವರನ್ನೆಲ್ಲ ನಿಲ್ಲಿಸಿ ಹೇಳಬೇಕು ಅನ್ನಿಸುತ್ತಿತ್ತು. ಹೇಳಲಾಗದೆ ನಿನಗೆ ಕಾರ್ಡು ಹಾಕಿದೆ.

ಮಗುವಿನ ವಿಷಯ ಸದ್ಯಕ್ಕೆ ಬೇಡ ಎಂದುಕೊಂಡಿದ್ದೇವೆ. ನಮ್ಮ ಮದುವೆ ಈಗ ತಾನೇ ಶುರುವಾಗಿದೆ! ಬೇಸಿಗೆಗೆ ಊರಿಗೆ ಬರುವುದಿಲ್ಲ, ಶೈಲಜಾಗೆ ಯಾವ ಪರೀಕ್ಷೆಯೂ ಬೇಡ, ಇದು ನಮ್ಮಿಬ್ಬರ ವಿಷಯ ಎಂದು ದಿವಾಕರನೇ ಅವನ ಅಮ್ಮನಿಗೆ ಬರೆದ. ಅವರಿಗೆ ಕೋಪ ಬಂದಿದೆ. ಬರಲಿ. ನನ್ನ ಹಿಂದೆ ಅವನು ನಿಂತಿದ್ದಾನೆ.

ಈಗ ಆ ಪೇಷಂಟ್ ವಿಷಯ. ಫ್ಯಾನ್ ನೋಡಲು ಹೋದದ್ದನ್ನೂ ಅವಳು ಡಾಕ್ಟರಿಗೆ ಹೇಳಿದಳೇ? ಇರಲಿ, ನಾನೇನೂ ಕೇಳುವುದಿಲ್ಲ. ಅವಳು ನನಗೆ ತುಂಬ ಬೇಕಾದವಳು ಅನ್ನಿಸುತ್ತಿದೆ, ಅಷ್ಟೆ. ಅವಳಿಗೆ ಹೇಳು: ನಮ್ಮ ಮೂರು ವರ್ಷ ಒಬ್ಬರ ಮನಸ್ಸಿನಲ್ಲಿರುವುದನ್ನು ಇನ್ನೊಬ್ಬರು ತಪ್ಪಾಗಿ ಊಹಿಸಿದ್ದರಲ್ಲೇ ಕಳೆದುಹೋಯಿತು. ಇನ್ನೊಂದು ಸಲ ಬಾಗಿಲವರೆಗೆ ಹೋದಾಗ ಫ್ಯಾನ್ ನೋಡಬೇಡ, ಅವರ ಪಕ್ಕದಲ್ಲಿ ಹೋಗಿ ಕೂರು ಎನ್ನು.

ನಿನ್ನ
ಶೈಲು

*

ಧಾರವಾಡ
ಜುಲೈ ೨೧, ೧೯೭೪

ಶೈಲು,

ಹೌದು. ನಾನೇ.

ನೀನು ತಿಳಿದುಕೊಂಡೆ ಎಂದು ಓದಿದಾಗ ಮೊದಲು ಸಿಟ್ಟು ಬಂತು, ಆಮೇಲೆ ಹಗುರವಾಯಿತು. ನಿನ್ನ ಪತ್ರಗಳು ಬಂದಾಗಲೆಲ್ಲ ಖುಷಿಯ ಜೊತೆಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು ಕಣೇ. ಊರ ಹೆಂಗಸರಿಗೆಲ್ಲ ಡಾಕ್ಟರಾಗಿ, ನನ್ನ ಮನೆಯ ಹೊರಕೋಣೆಗೆ ಹೋಗಲು ನನಗೆ ದಾರಿ ತಿಳಿದಿರಲಿಲ್ಲ.

ಕಳೆದ ಭಾನುವಾರ ಮಕ್ಕಳು ಅಜ್ಜಿಯ ಮನೆಗೆ ಹೋಗಿದ್ದರು. ನಾಲ್ಕು ಗಂಟೆಗೆ ಕೋಣೆಯ ಒಳಗೆ ಹೋದೆ. ಇವರು ಓದುತ್ತಿದ್ದರು. "ಏನು ಬೇಕಾಗಿತ್ತು?" ಎಂದರು. ನಾನು ಪಕ್ಕದಲ್ಲಿ ಕೂತು, ಇವರ ಕೈ ಹಿಡಿದು ತೊಡೆಯ ಮೇಲಿಟ್ಟುಕೊಂಡೆ.

ಇವರ ಮುಖ ಬಿಳಿಚಿಕೊಂಡಿತು. ಪುಸ್ತಕ ಜಾರಿ ಕೆಳಗೆ ಬಿತ್ತು. "ಸುಂದರಿ, ರಿಪೋರ್ಟ್ ಬಂತೇನು?" ಎಂದರು.

"ಯಾವ ರಿಪೋರ್ಟ್?"

"ನನ್ನ ಹತ್ರ ಮುಚ್ಚಿಡಬ್ಯಾಡ. ಎರಡು ತಿಂಗಳಿಂದ ನೋಡಾಕತ್ತೀನಿ. ಬಾಗಲಾಗ ಬಂದು ನಿಂದರತೀ, ಏನೋ ಹೇಳಬೇಕಂತೀ, ಹೊಳ್ಳಿ ಹೋಗತೀ. ಏನಾಗೇದ ನಿನಗ? ಕ್ಯಾನ್ಸರ್ ಏನು? ಬೊಂಬಾಯಿಗೆ ಹೋಗೂಣು. ಹೊಲ ಮಾರಿದರ ಮಾರೂಣು..." ಶೈಲು, ಆ ಮನುಷ್ಯ ಎರಡು ತಿಂಗಳಿಂದ ನಾನು ಸಾಯುತ್ತೇನೆಂದು ತಿಳಿದು, ಕೇಳಲೂ ಹೆದರಿ, ಒಬ್ಬರೇ ಕೂತು ಕೊರಗಿದ್ದಾರೆ!

"ನನಗೇನೂ ಆಗಿಲ್ಲ. ನಿಮ್ಮ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು, ಅದಕ್ಕೇ ಬಂದೆ" ಎಂದೆ.

"ಅಷ್ಟಽ?"

"ಅಷ್ಟೇ."

ನನ್ನ ಅಮರೇಶ್ವರ, ಕಾಲೇಜಿನ ಹುಡುಗರೆಲ್ಲ ಹೆದರುವ ಅಮರೇಶ್ವರ ಸರ್, ಮಗುವಿನ ಹಾಗೆ ಅತ್ತರು. ನಿನ್ನ ವಿಷಯ ಹೇಳಲಿಲ್ಲ. ನನ್ನ ವಿಷಯ ಎಲ್ಲ ಹೇಳಿದೆ. ಎರಡನೆಯ ಹೆರಿಗೆ ಕಷ್ಟವಾಗಿತ್ತಲ್ಲ. ಇನ್ನು ನನಗೆ ತೊಂದರೆ ಕೊಡಬಾರದೆಂದು ತಾವೇ ಹಾಸಿಗೆ ಹೊರಗೆ ಹಾಕಿಕೊಂಡರಂತೆ. ನಾನು ಕರೆಯಬಹುದೆಂದು ಕಾದರಂತೆ. ನಾನು, ಅವರಿಗೆ ಶಾಸನಗಳೇ ಸಾಕಾಗಿವೆ ಎಂದುಕೊಂಡಿದ್ದೆ. ಸಂಜೆಯ ದೀಪ ಹಚ್ಚುವವರೆಗೂ ಕೂತು ಮಾತಾಡಿದೆವು. ಅದಕ್ಕಿಂತ ಹೆಚ್ಚಿನದೇನೂ ಆಗಲಿಲ್ಲ, ಆತುರವೂ ಇಲ್ಲ. ಹಾಸಿಗೆ ಮಾತ್ರ ಒಳಗೆ ಬಂದಿದೆ.

ಇಂಥ ದಂಪತಿಗಳಿಗೆಂದು ಶುಕ್ರವಾರ ಸಂಜೆ ಒಂದು ಗಂಟೆ ಬಿಡುವಿಟ್ಟಿದ್ದೇನೆ. ಇಬ್ಬರೂ ಬರಬೇಕು, ಅತ್ತೆ ಹೊರಗೆ ಕೂರಬೇಕು. ಮೊನ್ನೆ ಮೊದಲ ಜೋಡಿ ಬಂದಿತ್ತು. ಹುಡುಗ ಅರ್ಧ ಗಂಟೆ ನೆಲ ನೋಡಿದ. ಆಮೇಲೆ ತಲೆಯೆತ್ತಿ ಹೆಂಡತಿಯನ್ನು ನೋಡಿದ. ಮುಂದಿನ ವಾರವೂ ಬರುತ್ತೇವೆಂದು ಹೇಳಿ ಹೋಗಿದ್ದಾರೆ.

ನಿನ್ನೆ ಸಂಜೆ ನಾವಿಬ್ಬರೂ ಕಾಲೇಜು ರಸ್ತೆಯಲ್ಲಿ ನಡೆದು ಹೋಗುತ್ತಿದ್ದೆವು. ಇವರು ಸುಮ್ಮನೆ ನನ್ನ ಕೈ ಹಿಡಿದರು. ಎದುರಿಗೆ ಇವರ ವಿದ್ಯಾರ್ಥಿಗಳು ನಾಲ್ಕೈದು ಜನ ಸೈಕಲ್ಲಿನಿಂದ ಇಳಿದು, ಕೈಮುಗಿದು, "ನಮಸ್ಕಾರರೀ ಸರ್" ಎಂದರು. ಬಿಡುತ್ತಾರೆಂದುಕೊಂಡು ನಾನು ಕೈ ಸಡಿಲಿಸಿದೆ. ಇವರು ಬಿಡಲಿಲ್ಲ. ಇನ್ನೊಂದು ಕೈಯನ್ನು ಮಾತ್ರ ಎದೆಯವರೆಗೆ ತಂದು, ಅರ್ಧ ನಮಸ್ಕಾರ ಮಾಡಿ, ಮುಂದೆ ನಡೆದರು.

ನಿನ್ನ
ಸುಂದರಿ